ಹಿತ್ತಲ ಬಾಗಿಲು ತೆಗೆದಿಟ್ಟವರು ಯಾರು?

ರಾನ್ಸಮ್‌ವೇರ್ ಬಂದರೆ ಗೊತ್ತಾಗುತ್ತೆ. ಸ್ಕ್ರೀನ್ ತುಂಬಾ ಬೆದರಿಕೆ, ದುಡ್ಡಿನ ಬೇಡಿಕೆ. ಅದು ಹಾಡಹಗಲ ದರೋಡೆ. ಬ್ಯಾಕ್‌ಡೋರ್ ಹಾಗಲ್ಲ. ಕಂಪ್ಯೂಟರ್ ಎಂದಿನಂತೆ ಆನ್ ಆಗುತ್ತೆ, ಟ್ಯಾಲಿ ಓಪನ್ ಆಗುತ್ತೆ, ಪ್ರಿಂಟೂ ಬರುತ್ತೆ. ಮುಂಬಾಗಿಲಿಗೆ ನೀವು ಬೀಗ ಹಾಕಿದ್ದೀರಿ, ಪಾಸ್‌ವರ್ಡ್ ಇಟ್ಟಿದ್ದೀರಿ. ಹಿತ್ತಲ ಬಾಗಿಲಿನಿಂದ ಯಾರೋ ಬಂದು ಹೋಗ್ತಾ ಇದ್ದಾನೆ. ನೀವು ಟೈಪ್ ಮಾಡಿದ್ದು, ಉಳಿಸಿದ ಪಾಸ್‌ವರ್ಡ್, ಕ್ಯಾಮೆರಾ, ಬೇಕಾದ್ದನ್ನು ಬೇಕಾದಾಗ ನೋಡ್ತಾನೆ.

ಈ ವಿಷಯ ಹೇಳಿದಾಗಲೆಲ್ಲ ಒಂದೇ ಮಾತು ಕೇಳಿಬರುತ್ತೆ: "ನನ್ನ ಹತ್ರ ಕದಿಯೋಕೆ ಏನಿದೆ ಸಾರ್?" ಸರಿ ಸ್ವಾಮಿ. ನಿಮ್ಮ ಊರಿನ ಬಸ್ ಸ್ಟ್ಯಾಂಡ್ ಪಕ್ಕದ ಡಿಟಿಪಿ ಸೆಂಟರ್ ನೆನಪು ಮಾಡಿಕೊಳ್ಳಿ. ಊರಿನವರ ಆಧಾರ್ ಸ್ಕ್ಯಾನ್, ಪಹಣಿ, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಬ್ಯಾಂಕ್ ಪಾಸ್‌ಬುಕ್‌ನ ಮೊದಲ ಪುಟ, ಎಲ್ಲ ಅದೇ ಡೆಸ್ಕ್‌ಟಾಪ್ ಮೇಲಿನ ಒಂದು ಫೋಲ್ಡರ್‌ನಲ್ಲಿ ಬಿದ್ದಿರುತ್ತೆ. ಆ ಕಂಪ್ಯೂಟರಿನ ಹಿತ್ತಲ ಬಾಗಿಲು ತೆರೆದಿದ್ದರೆ ಹೋಗೋದು ಅಂಗಡಿಯವನದ್ದಲ್ಲ, ನಿಮ್ಮದು.

ಬಾಗಿಲು ತೆಗೆಯೋದು ಯಾರು? ಬಹಳ ಸಲ ನಾವೇ. ವಿಂಡೋಸ್‌ಗೋ ಫೋಟೋಶಾಪ್‌ಗೋ ದುಡ್ಡು ಕೊಡೋದು ಬೇಡ ಅಂತ "ಕ್ರ್ಯಾಕ್" ಹಾಕಿಸ್ತೀವಿ. ಅದರ ಜೊತೆಗೊಂದು ಸೂಚನೆ ಇರುತ್ತೆ, ಓದಿದ್ದೀರಾ? ಮೊದಲು ಆಂಟಿವೈರಸ್ ಆಫ್ ಮಾಡಿ ಅಂತ! ಕಾವಲುಗಾರನನ್ನ ಮನೆಗೆ ಕಳಿಸಿ, ಆಮೇಲೆ ನಾನು ಒಳಗೆ ಬರ್ತೀನಿ ಅಂತ ಅಪರಿಚಿತ ಹೇಳಿದರೆ ನೀವು ಒಪ್ಪುತ್ತೀರಾ? ಇಲ್ಲಿ ಒಪ್ಪಿಬಿಡ್ತೀವಿ.

ಹಾಗಂತ ಅಸಲಿ ಸಾಫ್ಟ್‌ವೇರ್ ಹಾಕಿದವರು ಪೂರ್ತಿ ಪಾರು ಅಂತಲೂ ಅಲ್ಲ. ಸಿಕ್ಲೀನರ್ ಕಥೆ ನೋಡಿ. ಕಂಪ್ಯೂಟರಿನ ಕಸ ಗುಡಿಸೋ ಜನಪ್ರಿಯ ಸಾಫ್ಟ್‌ವೇರ್ ಅದು. 2017ರ ಆಗಸ್ಟ್ 15ರಂದು ಬಂದ ಅದರ 5.33 ಆವೃತ್ತಿಯೊಳಗೇ ಬ್ಯಾಕ್‌ಡೋರ್ ಇತ್ತು. ಕಂಪನಿಯ ಸ್ವಂತ ಸರ್ವರ್‌ನಿಂದ, ಕಂಪನಿಯ ಸ್ವಂತ ಡಿಜಿಟಲ್ ಸಹಿಯೊಂದಿಗೆ ಹಂಚಿಕೆಯಾಯಿತು. ಸುಮಾರು 22 ಲಕ್ಷ 70 ಸಾವಿರ ಕಂಪ್ಯೂಟರ್‌ಗಳಿಗೆ ಹೋಯಿತು. ಸಿಸ್ಕೋ ಕಂಪನಿಯ ಟಾಲೋಸ್ ತಂಡ ಇದನ್ನು ಬಯಲು ಮಾಡಿದ್ದು ಸೆಪ್ಟೆಂಬರ್ 18ಕ್ಕೆ. ಆದರೆ ಎರಡನೇ ಹಂತದ ಕೋಡ್ ಇಳಿಸಿದ್ದು ಸುಮಾರು 40 ಕಂಪ್ಯೂಟರ್‌ಗಳಿಗೆ ಮಾತ್ರ, ಅವೂ ದೊಡ್ಡ ಟೆಕ್ ಮತ್ತು ಟೆಲಿಕಾಂ ಕಂಪನಿಗಳವು. ಉಳಿದ ಲಕ್ಷಾಂತರ ಮನೆಗಳ ಬಾಗಿಲು ತೆರೆದೇ ಇತ್ತು, ಕಳ್ಳನಿಗೆ ಬೇಕಾಗಿದ್ದು ಬೇರೆ ಮನೆ, ಅಷ್ಟೆ.

ಈಗ ನಿಮ್ಮ ಕಂಪ್ಯೂಟರಿಗೆ ಬರೋಣ. ಅನುಮಾನ ಬಂದರೆ ಬ್ರೌಸರ್ ಸೇರಿ ಎಲ್ಲ ಮುಚ್ಚಿ. ಸ್ಟಾರ್ಟ್‌ನಲ್ಲಿ ರಿಸೋರ್ಸ್ ಮಾನಿಟರ್ ಅಂತ ಹುಡುಕಿ, ನೆಟ್‌ವರ್ಕ್ ವಿಭಾಗ ತೆರೆಯಿರಿ. ನೀವೇನೂ ಮಾಡದೇ ಇದ್ದಾಗಲೂ ಯಾವ ಪ್ರೋಗ್ರಾಂ ಹೊರಗಿನವರ ಜೊತೆ ಮಾತಾಡ್ತಿದೆ ಅಂತ ಅಲ್ಲಿ ಕಾಣುತ್ತೆ. ಗಾಬರಿ ಬೇಡ, ವಿಂಡೋಸ್ ತಾನಾಗಿಯೇ ಬೇಕಾದಷ್ಟು ಮಾತಾಡುತ್ತೆ. ಮುಖ್ಯವಾದದ್ದು ಹೆಸರಲ್ಲ, ವಿಳಾಸ. ಎಸ್‌ವಿಸಿಹೋಸ್ಟ್ ಅನ್ನೋದು ವಿಂಡೋಸ್‌ನ ಅಸಲಿ ಫೈಲ್, ಅದರ ಜಾಗ ವಿಂಡೋಸ್ ಫೋಲ್ಡರ್‌ನೊಳಗಿನ ಸಿಸ್ಟಮ್32. ಅದೇ ಹೆಸರಿನ ಫೈಲ್ ಡೌನ್‌ಲೋಡ್ಸ್‌ನಲ್ಲೋ ಟೆಂಪ್ ಫೋಲ್ಡರ್‌ನಲ್ಲೋ ಕೂತು ಓಡ್ತಿದ್ದರೆ ಅವನು ವೇಷಧಾರಿ. ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟಪ್ ಪಟ್ಟಿಯನ್ನೂ ಒಮ್ಮೆ ನೋಡಿ.

ಅನುಮಾನ ಗಟ್ಟಿಯಾಯಿತು ಅಂದ್ರೆ ಮೊದಲು ನೆಟ್ ಕೇಬಲ್ ಕೀಳಿ, ವೈಫೈ ಆಫ್ ಮಾಡಿ. ಆಮೇಲೆ ಪಾಸ್‌ವರ್ಡ್ ಬದಲಿಸಿ, ಆದರೆ ಅದೇ ಕಂಪ್ಯೂಟರಿನಲ್ಲಿ ಅಲ್ಲ! ಅಲ್ಲಿ ಬದಲಿಸಿದರೆ ಹೊಸದೂ ಅವನ ಕೈಗೆ ಸಿಗಬಹುದು. ಬೇರೆ ಫೋನ್‌ನಿಂದ ಮಾಡಿ. ಮೊದಲು ಇಮೇಲ್, ಆಮೇಲೆ ಬ್ಯಾಂಕ್. ಎಲ್ಲ ಸಾಧನಗಳಿಂದಲೂ ಲಾಗ್ ಔಟ್ ಮಾಡಿಸಿ.

ನಂತರ ವಿಂಡೋಸ್ ಸೆಕ್ಯುರಿಟಿಯ ಸ್ಕ್ಯಾನ್ ಆಯ್ಕೆಗಳಲ್ಲಿ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ಇದೆ. ಸುಮಾರು 15 ನಿಮಿಷದ ಕೆಲಸ. ಸಾಮಾನ್ಯ ಸ್ಕ್ಯಾನ್‌ಗಿಂತ ಇದು ಯಾಕೆ ಮೇಲು? ವಿಂಡೋಸ್ ಪೂರ್ತಿ ಏಳೋ ಮೊದಲೇ ಇದು ಹುಡುಕುತ್ತೆ. ಬ್ಯಾಕ್‌ಡೋರ್ ಆಗ ಓಡ್ತಾ ಇರಲ್ಲ, ಅವಿತುಕೊಳ್ಳೋದು ಕಷ್ಟ. ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರವೂ 2017ರಿಂದ ಉಚಿತ ಉಪಕರಣಗಳನ್ನು ಕೊಡ್ತಿದೆ.

ಸ್ಕ್ಯಾನ್ "ಕ್ಲೀನ್" ಅಂದ ಮೇಲೆ ಸಾಕಾ? ಮನೆಯ ಕಂಪ್ಯೂಟರಿಗೆ ಒಮ್ಮೊಮ್ಮೆ ಸಾಕು. ಬೇರೆಯವರ ಕಾಗದಪತ್ರ, ಲೆಕ್ಕಪತ್ರ ಇರೋ ಕಂಪ್ಯೂಟರಿಗೆ ಸಾಲದು ಅನ್ನೋದು ನನ್ನ ಖಚಿತ ಅಭಿಪ್ರಾಯ. ಒಳಗೆ ಬಂದವನು ಇನ್ನೆಷ್ಟು ಕಿಟಕಿ ತೆಗೆದಿಟ್ಟು ಹೋಗಿದ್ದಾನೋ ಯಾರಿಗೆ ಗೊತ್ತು? ಡಾಕ್ಯುಮೆಂಟ್, ಫೋಟೋ ಮಾತ್ರ ಕಾಪಿ ಮಾಡಿಕೊಳ್ಳಿ, ಹಳೆಯ ಇನ್‌ಸ್ಟಾಲರ್‌ಗಳನ್ನು ಮುಟ್ಟಬೇಡಿ. ಡಿಸ್ಕ್ ಪೂರ್ತಿ ಫಾರ್ಮ್ಯಾಟ್ ಮಾಡಿಸಿ. ದುಡ್ಡು ಹೋಗಿದ್ದರೆ ಇದಕ್ಕೆಲ್ಲ ಕಾಯದೆ ತಕ್ಷಣ 1930ಕ್ಕೆ ಫೋನ್ ಮಾಡಿ.

ಇನ್ನೊಂದು ಮಾತು. ಫಾರ್ಮ್ಯಾಟ್ ಮಾಡಿಸುವಾಗ ಪಕ್ಕದಲ್ಲೇ ನಿಂತುಕೊಳ್ಳಿ. ಹುಡುಗ ಜೇಬಿನಿಂದ ಪೆನ್‌ಡ್ರೈವ್ ತೆಗೆದು ವಿಂಡೋಸ್ ಹಾಕ್ತಾನಲ್ಲ, ಅದು ಮೈಕ್ರೋಸಾಫ್ಟ್ ವೆಬ್‌ಸೈಟ್‌ನಿಂದ ಇಳಿಸಿದ್ದಾ ಅಂತ ಕೇಳಿ. "ಆಕ್ಟಿವೇಟ್ ಮಾಡೋಕೆ ಆಂಟಿವೈರಸ್ ಸ್ವಲ್ಪ ಆಫ್ ಮಾಡ್ತೀನಿ ಸಾರ್" ಅಂದ್ರೆ, ಅಲ್ಲೇ ನಿಲ್ಲಿಸಿ ಕಂಪ್ಯೂಟರ್ ಎತ್ಕೊಂಡು ಬನ್ನಿ.