ಕೋಡಿ ಬಿತ್ತು ಸರಿ, ಹಿನ್ನೀರಿನವರ ಪಾಡೇನು?

ಹೊಸದುರ್ಗ: ಮಾರಿಕಣಿವೆ ಕೋಡಿ ಬಿತ್ತು ಅಂದರೆ ಹಿರಿಯೂರಿಗೆ ಹಬ್ಬ. 2022ರ ಸೆಪ್ಟೆಂಬರಿನಲ್ಲಿ ಹಾಗೇ ಆಯಿತು. 1933ರ ನಂತರ, ಅಂದರೆ 89 ವರ್ಷಕ್ಕೆ, ವಾಣಿವಿಲಾಸ ಸಾಗರದಲ್ಲಿ ನೀರು 130 ಅಡಿ ಮುಟ್ಟಿತು. ನೋಡಲು ಜನವೋ ಜನ. 2025ರ ಜನವರಿಯಲ್ಲಿ ಮತ್ತೊಮ್ಮೆ ಅದೇ ಸಂಭ್ರಮ.

ಸಂಭ್ರಮ ಪಡಲಿ, ತಪ್ಪೇನಿಲ್ಲ. ನೀರಿಲ್ಲದ ವರ್ಷಗಳಲ್ಲಿ ತೆಂಗಿನ ಮರ ಸುಳಿ ಒಣಗಿ ಬಿದ್ದದ್ದನ್ನು ಕಂಡ ಜನ ಅವರು. ನಾಲೆ ಕೆಳಗೆ ಸುಮಾರು 30 ಸಾವಿರ ಎಕರೆ ಉಂಟು. ಚಿತ್ರದುರ್ಗದ ನಲ್ಲಿಗೂ ಇದೇ ನೀರು. ತೋಟ ಉಳಿದರೆ ಅಂಗಡಿಯ ಉದ್ದರಿ ಬಾಕಿ ವಸೂಲಾಗುತ್ತದೆ, ಇದನ್ನು ಪೇಟೆಯವರಿಗೆ ಬೇರೆ ಹೇಳಬೇಕೇ?

ಆದರೆ ಅಣೆಕಟ್ಟು ಹಿರಿಯೂರಿನದು, ಹಿನ್ನೀರು ಬಹುಪಾಲು ನಮ್ಮ ತಾಲ್ಲೂಕಿನದು! ಅಲ್ಲಿ ಕೋಡಿ ಬೀಳುವ ಹೊತ್ತಿಗೆ ಇಲ್ಲಿ ತೋಟ, ಹೊಲ, ರಸ್ತೆ ನೀರಲ್ಲಿ. 2022ರಲ್ಲಿ ಹಿನ್ನೀರಿನ ಜನ ಕೋಡಿಯ ಮಟ್ಟ ತಗ್ಗಿಸಿ ಅಂತ ಕೂಗೆಬ್ಬಿಸಿದರು. ಒಂದಡಿಯೂ ತಗ್ಗಿಸಕೂಡದು ಅಂತ ಹಿರಿಯೂರಿನವರು. ಒಂದೇ ಜಿಲ್ಲೆ, ಒಂದೇ ನೀರು, ಎರಡು ಕೂಗು.

ಇದರ ಮರ್ಮ ಸರಳ. ಅಣೆಕಟ್ಟೆಯ ಹೊಟ್ಟೆ ಬಾಣಲೆಯ ಹಾಗೆ: ತಳ ಕಿರಿದು, ಬಾಯಿ ಅಗಲ. ತಳದ ಒಂದಡಿಯಲ್ಲಿ ನಿಲ್ಲುವುದು ಅಷ್ಟಿಷ್ಟು, ಬಾಯಿ ಹತ್ತಿರದ ಒಂದಡಿಯಲ್ಲಿ ನಿಲ್ಲುವುದು ಬೇಕಾದಷ್ಟು. ಹಿರಿಯೂರಿಗೆ ಹೆಚ್ಚು ಲಾಭ ತರುವ ಅಡಿಯೇ ಹೊಸದುರ್ಗದ ಹೆಚ್ಚು ನೆಲ ಮುಳುಗಿಸುವ ಅಡಿ. ಅಗಲವಾಗಿ ತೆಳ್ಳಗೆ ಹರಡಿದ ನೀರು ಬಿಸಿಲಿಗೆ ಆವಿಯಾಗುವುದೂ ಜಾಸ್ತಿ. 1898ರಲ್ಲಿ ಶುರುಮಾಡಿ 1907ಕ್ಕೆ ಕಟ್ಟಿ ಮುಗಿಸಿದವರು ಕೋಡಿಗೆ ಗೇಟು ಇಡಲಿಲ್ಲ. 130 ಅಡಿ ದಾಟಿದ್ದು ಹೋಗುತ್ತದೆ, ಅದರೊಳಗಿನದು ನಿಲ್ಲುತ್ತದೆ. 30 ಟಿಎಂಸಿ ಹಿಡಿಯುವ ಈ ಕೆರೆ 1933 ಬಿಟ್ಟರೆ ತುಂಬಲೇ ಇಲ್ಲವಾದ್ದರಿಂದ ಆ ಮೇಲಿನ ಅಡಿಗಳ ಚಿಂತೆ ಯಾರಿಗೂ ಇರಲಿಲ್ಲ. ಮೂರು ತಲೆಮಾರು ನೀರು ಕಾಣದ ನೆಲದಲ್ಲಿ ಜನ ಗಿಡ ನೆಟ್ಟರೆ ಅವರನ್ನು ದೂರಿ ಫಲವೇನು?

ಇನ್ನು ಮುಂದಿನ ಲೆಕ್ಕ ಬೇರೆ. ವೇದಾವತಿ ನಂಬಿದ್ದು ಬಾಬಾಬುಡನ್ ಗಿರಿಯ ಮಳೆಯನ್ನು. ವೇದಾ ಹೊಳೆಗೆ ಅಯ್ಯನಕೆರೆ, ಆವತಿಗೆ ಮದಗದ ಕೆರೆ, ಅವು ಕುಡಿದು ಉಳಿದದ್ದು ಕೂಡಿ ಇತ್ತ ಬರಬೇಕು. 2019ರಿಂದ ಭದ್ರೆಯ ನೀರೂ ಬರುತ್ತಿದೆ. ಪಂಪಿನಿಂದ ಎತ್ತಿ, ಅಜ್ಜಂಪುರದ ಬಳಿ ಸುಮಾರು 7 ಕಿಲೋಮೀಟರು ಸುರಂಗ ದಾಟಿಸಿ ವೇದಾವತಿಗೆ ಬಿಡುವ ನೀರು ಅದು. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಮಾರಿಕಣಿವೆಗೆ 2 ಟಿಎಂಸಿ ಪಾಲಿದೆ. ಮಳೆಯ ನೀರಾದರೆ ದೇವರ ಮೇಲೆ ಹಾಕಿ ಕೈ ತೊಳೆದುಕೊಳ್ಳಬಹುದು. ಪಂಪಿನ ಗುಂಡಿ ಒತ್ತುವವರು ಮನುಷ್ಯರೇ ತಾನೆ, ಸ್ವಾಮಿ?

ಹಾಗಾದರೆ ಕೇಳಬೇಕಾದ್ದು ಕೋಡಿ ಒಡೆಯಿರಿ ಅಂತಲ್ಲ. ಒಡೆದ ಕೋಡಿ ಬರಗಾಲದ ವರ್ಷ ಎಲ್ಲರನ್ನೂ ಕಾಡೀತು. ಮುಂಗಾರು ಜೋರಾಗಿ ಕಟ್ಟೆ ತುಂಬುವ ಸೂಚನೆ ಕಂಡೊಡನೆ ಪಂಪು ನಿಲ್ಲಿಸಿ, ಆ ನೀರನ್ನು ದಾರಿಯ ಕೆರೆಗಳಿಗೆ ತಿರುಗಿಸಿ ಅಂತ ಕೇಳಬೇಕು. ಅದೇ ಯೋಜನೆಯಲ್ಲಿ 367 ಕೆರೆಗಳನ್ನು ಅರ್ಧದಷ್ಟು ತುಂಬಿಸುವ ಮಾತೂ ಇದೆ. ಕೆರೆಗೆ ಹರಿಸಲು ಕಾಲುವೆ ಪೂರ್ತಿಯಾಗಬೇಕು, ಕಾಲುವೆಗೆ ದುಡ್ಡು ಬೇಕು. 2023ರ ಕೇಂದ್ರ ಬಜೆಟ್ಟಿನಲ್ಲಿ ಘೋಷಿಸಿದ 5,300 ಕೋಟಿಯ ಜಗಳ ಓದುಗರಿಗೆ ಗೊತ್ತೇ ಇದೆ.

ಕೆರೆ ತುಂಬಿದರೆ ಸುತ್ತಲ ಬಾವಿ, ಬೋರು ಚಿಗುರುತ್ತವೆ. ಈ ಜಿಲ್ಲೆಯ ಬೋರಿನ ನೀರಿನಲ್ಲಿ ಫ್ಲೋರೈಡು ಇರುವುದು ಹಳೇ ಸಂಗತಿ, ಆಳಕ್ಕಿಳಿದಷ್ಟೂ ಕಾಟ. ಹಿನ್ನೀರಿನ ದಡದ ಊರೇ ಬೋರಿನ ಮುಂದೆ ಕೊಡ ಹಿಡಿದು ನಿಂತರೆ ಏನನ್ನಬೇಕು!

ಈಗ ಆಗಬೇಕಾದ್ದು ಮೊದಲು ಅಳತೆ. 130 ಅಡಿಗೆ ನೀರು ಎಲ್ಲಿವರೆಗೆ ಬರುತ್ತದೆಂದು ಊರೂರಿಗೂ ಕಲ್ಲು ನೆಡಲಿ. ಕಲ್ಲಿನ ಒಳಗೆ ಸಿಕ್ಕ ಪಟ್ಟಾ ಜಮೀನಿಗೆ ಏನು ಕೊಡುತ್ತೀರಿ ಅಂತ ಮುಂದಿನ ಮುಂಗಾರಿಗೆ ಮುಂಚೆಯೇ ಬಾಯಿಬಿಟ್ಟು ಹೇಳಲಿ. ಬಾಗಿನ ಅರ್ಪಿಸಲು ಬರುವ ಸಾಹೇಬರು ಒಂದು ದಿನ ಮತ್ತೋಡು ರಸ್ತೆಯಲ್ಲೂ ಬಂದು ಹೋಗಲಿ.