ದೊಡ್ಡ ರಿಮ್ ಅಲ್ಲ, ಒಳ್ಳೆ ರಬ್ಬರ್: ಹಾವೇರಿಯ ರಸ್ತೆಗೆ ಎಂಥಾ ಟೈರ್ ಬೇಕು?

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆಯ ಹುಡುಗರ ಕೈಗೆ ಒಂದು ಸೆಕೆಂಡ್ ಹ್ಯಾಂಡ್ ಸ್ವಿಫ್ಟ್ ಸಿಕ್ಕರೆ ಮೊದಲು ಬದಲಾಗೋದು ಅದರ ಗಾಲಿ. 14 ಇಂಚಿನ ಕಬ್ಬಿಣದ ರಿಮ್ ಹೋಗಿ 16 ಅಥವಾ 17 ಇಂಚಿನ ಅಲಾಯ್ ಬರುತ್ತೆ. ಬೈಕ್ ಆದರೆ ಹಿಂದಿನ ಟೈರ್ ದಪ್ಪ ಆಗುತ್ತೆ. ಇದಕ್ಕೆಲ್ಲ ಇರೋ ಹೆಸರು ‘ಪರ್ಫಾರ್ಮೆನ್ಸ್’. ಇದನ್ನು ಶೋಕಿ ಅಂತ ಬೈದು ಕೈತೊಳೆದುಕೊಳ್ಳೋದು ಸುಲಭ. ನನಗೂ ಗಾಡಿ ಹುಚ್ಚಿದೆ, ಹಾಗಾಗಿ ಬೈಯುವ ಉದ್ದೇಶ ಇಲ್ಲ. ನನ್ನ ತಕರಾರು ಒಂದೇ: ದುಡ್ಡು ತಪ್ಪು ಜಾಗಕ್ಕೆ ಹೋಗ್ತಿದೆ. ಗಾಡಿಯನ್ನು ನೆಲಕ್ಕೆ ಹಿಡಿದಿಡೋದು ರಬ್ಬರ್, ರಿಮ್ ಅಲ್ಲ. ಯಾವ ರಬ್ಬರ್ ಎಷ್ಟು ಹಿಡಿಯುತ್ತೆ ಅನ್ನೋ ಮಾಹಿತಿಯನ್ನು ಮಾತ್ರ ನಮ್ಮ ವ್ಯವಸ್ಥೆ ಕೊಳ್ಳುವವರ ಕೈಗೆ ಕೊಡ್ತಿಲ್ಲ.

ಟೈರ್ ಮೇಲಿನ ಬರಹ ಏನು ಹೇಳುತ್ತೆ?

ಹಳೆಯ ಸ್ವಿಫ್ಟ್‌ನ ಕೆಳಗಿನ ಮಾದರಿಗಳ ಟೈರ್ ಮೇಲೆ ‘165/80 ಆರ್14 85’ ಅಂತ ಇರುತ್ತೆ. 165 ಅಂದರೆ ಟೈರಿನ ಅಗಲ, ಮಿಲಿಮೀಟರ್‌ನಲ್ಲಿ. 80 ಅಂದರೆ ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇ. 80ರಷ್ಟು, ಅಂದರೆ 132 ಮಿ.ಮೀ. 14 ಅನ್ನೋದು ರಿಮ್‌ನ ಇಂಚು. 85 ಅನ್ನೋದು ಭಾರದ ಸಂಕೇತ. ಒಂದು ಟೈರ್ 515 ಕೆ.ಜಿ. ಹೊರಬಲ್ಲದು ಅಂತ ಅರ್ಥ. ಅದರ ಮುಂದಿನ ಅಕ್ಷರ ವೇಗದ ಮಿತಿ: ಟಿ ಅಂದರೆ ಗಂಟೆಗೆ 190 ಕಿ.ಮೀ., ಎಚ್ ಅಂದರೆ 210, ವಿ ಅಂದರೆ 240.

ಇನ್ನೊಂದು ಕಡೆ ‘ಡಾಟ್’ ಅಂತ ಶುರುವಾಗುವ ಸಾಲಿದೆ. ಅದರ ಕೊನೆಯ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ. 2324 ಅಂತಿದ್ದರೆ 2024ರ 23ನೇ ವಾರ. ‘ಹೊಸದು, ಆಫರ್‌ನಲ್ಲಿದೆ’ ಅಂತ ಅಂಗಡಿಯವರು ಕೊಟ್ಟ ಟೈರ್ ಗೋದಾಮಿನಲ್ಲಿ ನಾಲ್ಕು ಬೇಸಿಗೆ ಕಳೆದಿದ್ದರೆ ಈ ಅಂಕಿ ಹೇಳಿಬಿಡುತ್ತೆ. ಓಡದೇ ಇದ್ದರೂ ರಬ್ಬರ್ ಗಟ್ಟಿಯಾಗ್ತಾ ಹೋಗುತ್ತೆ.

ಗಾಲಿ ದೊಡ್ಡದಾದರೆ ಏನಾಗುತ್ತೆ?

ಒಂದು ಮೂಲ ನಿಯಮ ಇದೆ. ರಿಮ್ ದೊಡ್ಡದು ಮಾಡಿದರೂ ಗಾಲಿಯ ಒಟ್ಟು ಎತ್ತರ ಕಂಪನಿ ಕೊಟ್ಟಷ್ಟೇ ಇರಬೇಕು. ಸ್ವಿಫ್ಟ್ ಲೆಕ್ಕವನ್ನೇ ಹಿಡಿಯೋಣ. 165/80 ಆರ್14ರ ಒಟ್ಟು ಎತ್ತರ ಸುಮಾರು 620 ಮಿ.ಮೀ. ಮೇಲಿನ ಮಾದರಿಗೆ ಕಂಪನಿಯೇ ಹಾಕಿದ್ದ 185/65 ಆರ್15ರದು 621. ಹೊರಗೆ ಹಾಕಿಸುವ 195/55 ಆರ್16ರದೂ 621, 205/45 ಆರ್17ರದು 616. ಇವೆಲ್ಲ ಹೆಚ್ಚುಕಡಿಮೆ ಒಂದೇ. ಆದರೆ 17 ಇಂಚಿಗೆ 205/55 ಹಾಕಿದರೆ ಎತ್ತರ 657 ಆಗುತ್ತೆ. ಆಗ ಮೀಟರ್ 100 ತೋರಿಸುವಾಗ ಗಾಡಿ ಲೆಕ್ಕದ ಪ್ರಕಾರ 106ರಲ್ಲಿರುತ್ತೆ. ತಿರುವಿನಲ್ಲಿ ಟೈರ್ ಒಳಗೆ ಉಜ್ಜುವ ಸಾಧ್ಯತೆ ಬೇರೆ.

ಎತ್ತರ ಸರಿಹೋಯ್ತು ಅಂದುಕೊಳ್ಳಿ. ಕಳೆದುಕೊಂಡಿದ್ದು ಏನು? ಪಕ್ಕದ ಗೋಡೆ 132 ಮಿ.ಮೀ.ನಿಂದ 92ಕ್ಕೆ ಇಳಿದಿದೆ. ತಗ್ಗಿಗೆ ಬಿದ್ದಾಗ ಪೆಟ್ಟು ತಿನ್ನೋದು ಅದೇ ಗೋಡೆ. ಅದು ಗಿಡ್ಡ ಆದಷ್ಟೂ ಸ್ಟೇರಿಂಗ್ ಚುರುಕಾಗುತ್ತೆ ಅನ್ನೋದು ನಿಜ, ನಯವಾದ ರಸ್ತೆಯಲ್ಲಿ ಅದರ ಖುಷಿಯೇ ಬೇರೆ. ಆದರೆ ತಗ್ಗಿನ ಅಂಚು ಬಡಿದಾಗ ಒಳಗಿನ ದಾರ ಕಿತ್ತು ಟೈರ್ ಪಕ್ಕದಲ್ಲಿ ಗುಳ್ಳೆ ಏಳುತ್ತೆ, ಇಲ್ಲಾ ಅಗ್ಗದ ಅಲಾಯ್ ಬಿರುಕು ಬಿಡುತ್ತೆ. ಗುಳ್ಳೆ ಎದ್ದ ಟೈರಿಗೆ ರಿಪೇರಿ ಇಲ್ಲ, ತೆಗೆದು ಹಾಕಬೇಕು.

ಭಾರದ ಕಥೆಯೂ ಇದೆ. ಸಾಮಾನ್ಯ 205/45 ಆರ್17ರ ಸಂಕೇತ 84, ಅಂದರೆ 500 ಕೆ.ಜಿ. ದೊಡ್ಡದಾಗಿ ಕಾಣುವ ಟೈರ್ ಹಳೆಯದಕ್ಕಿಂತ ಕಡಿಮೆ ಹೊರುತ್ತೆ! ಐದು ಜನ, ಡಿಕ್ಕಿ ತುಂಬ ಮೆಣಸಿನಕಾಯಿ ಚೀಲ ಹಾಕಿಕೊಂಡು ಓಡಾಡುವ ಮನೆಗೆ ಇದು ಸಣ್ಣ ವಿಷಯ ಅಲ್ಲ. ಆ ಸೈಜೇ ಬೇಕು ಅಂದರೆ ‘ಎಕ್ಸ್‌ಎಲ್’ ಗುರುತಿನ, 88 ಸಂಕೇತದ್ದನ್ನು ಕೇಳಿ. ಅದು 560 ಕೆ.ಜಿ. ಹೊರುತ್ತೆ, ಆದರೆ ಅದಕ್ಕೆ ತಕ್ಕ ಹವಾ ಹಾಕಿಸಬೇಕು.

ರಿಮ್ ದೊಡ್ಡದಾದಷ್ಟೂ ರೇಸಿಂಗ್ ಅಂತ ನಂಬುವವರಿಗೆ ಒಂದು ಮಾತು. ಗ್ರೇಟರ್ ನೊಯ್ಡಾದ ಬುದ್ಧ ಸರ್ಕ್ಯೂಟ್‌ನಲ್ಲಿ 2011ರಿಂದ 2013ರವರೆಗೆ ಫಾರ್ಮುಲಾ 1 ರೇಸ್ ನಡೆದಾಗ ಆ ಕಾರುಗಳ ರಿಮ್ ಬರೀ 13 ಇಂಚು. ಅವು 18 ಇಂಚಿಗೆ ಬಂದಿದ್ದು 2022ರಲ್ಲಿ. ದಶಕಗಳ ಕಾಲ ಜಗತ್ತಿನ ಅತಿ ವೇಗದ ಕಾರುಗಳು ಓಡಿದ್ದು ನಮ್ಮ ಹಳೇ ಸ್ವಿಫ್ಟ್‌ಗಿಂತ ಸಣ್ಣ ರಿಮ್ ಮೇಲೆ.

ಟ್ರ್ಯಾಕ್‌ನ ಟೈರ್ ಊರಿಗೆ ಯಾಕೆ ಬೇಡ?

ಟ್ರ್ಯಾಕ್‌ಗೆ ಅಂತಲೇ ‘ಸೆಮಿ ಸ್ಲಿಕ್’ ಟೈರ್ ಬರುತ್ತವೆ. ರಬ್ಬರ್ ಮೆತ್ತಗೆ, ಗೆರೆ ಕಡಿಮೆ. ನಾಲ್ಕು ಸುತ್ತು ಹೊಡೆದು ಕಾದ ಮೇಲೆ ಅಂಟಿನ ಹಾಗೆ ಹಿಡಿಯುತ್ತವೆ. ಕಾಯದಿದ್ದರೆ ಅವುಗಳ ಹಿಡಿತ ಕಡಿಮೆ. ಮಳೆ ನೀರು ನಿಂತ ಕಡೆ, ನೀರನ್ನು ಹೊರದೂಡುವ ಗೆರೆಗಳು ಸಾಲದೆ ಟೈರ್ ನೀರಿನ ಮೇಲೆ ತೇಲುತ್ತೆ. ಸ್ಟೇರಿಂಗ್ ತಿರುಗಿಸಿದರೂ ಗಾಡಿ ತಿರುಗಲ್ಲ. ಟೈರ್ ಅಗಲ ಆದಷ್ಟೂ ಈ ತೇಲುವಿಕೆ ಬೇಗ ಶುರುವಾಗುತ್ತೆ.

ಈಗ ನಮ್ಮ ರಸ್ತೆ ನೋಡಿ. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ನೂರರಲ್ಲಿ ಬಂದು ಮೋಟೆಬೆನ್ನೂರಿನಲ್ಲಿ ಬ್ಯಾಡಗಿ ಕಡೆ ತಿರುಗಿದರೆ ಮೆಣಸಿನಕಾಯಿ ಲೋಡಿನ ಲಾರಿ, ಟ್ರ್ಯಾಕ್ಟರ್, ಹಂಪ್ಸ್. ಸುಗ್ಗಿಯಲ್ಲಿ ಡಾಂಬರಿನ ಮೇಲೆ ಗೋವಿನಜೋಳ ಒಣಗಿಸಿರ್ತಾರೆ. ಕಾಳಿನ ಮೇಲೆ ಯಾವ ಟೈರೂ ಹಿಡಿಯಲ್ಲ. ಮಳೆಗಾಲದಲ್ಲಿ ಟ್ರ್ಯಾಕ್ಟರ್ ಗಾಲಿಯಿಂದ ಉದುರಿದ ಎರೆಮಣ್ಣು ರಸ್ತೆಗೆ ಎಣ್ಣೆ ಬಳಿದ ಹಾಗೆ ಮಾಡಿರುತ್ತೆ.

2024ರ ಜೂನ್ 28ರ ನಸುಕಿನಲ್ಲಿ ಇದೇ ಹೆದ್ದಾರಿಯ ಗುಂಡೇನಹಳ್ಳಿ ಬಳಿ, ನಿಂತಿದ್ದ ಲಾರಿಗೆ ಟಿಟಿ ವಾಹನ ಡಿಕ್ಕಿ ಹೊಡೆದು 13 ಜನ ಸತ್ತರು. ಅದಕ್ಕೆ ಟೈರ್ ಕಾರಣ ಅಂತ ನಾನು ಹೇಳ್ತಿಲ್ಲ. ಈ ರಸ್ತೆಯಲ್ಲಿ ಮುಂದೆ ಏನು ನಿಂತಿರುತ್ತೆ ಅಂತ ಗೊತ್ತಿರಲ್ಲ ಅನ್ನೋದನ್ನಷ್ಟೇ ಹೇಳ್ತಿದ್ದೇನೆ. ಟ್ರ್ಯಾಕ್‌ನಲ್ಲಿ ಪರ್ಫಾರ್ಮೆನ್ಸ್ ಅಂದರೆ ಸುತ್ತು ಮುಗಿಸುವ ಸೆಕೆಂಡು. ಇಲ್ಲಿ ಪರ್ಫಾರ್ಮೆನ್ಸ್ ಅಂದರೆ ಒದ್ದೆ ರಸ್ತೆಯಲ್ಲಿ ಎಷ್ಟು ಮೀಟರಿಗೆ ನಿಲ್ತೀರಿ ಅನ್ನೋದು.

ನಿಜವಾಗಿಯೂ ಟ್ರ್ಯಾಕ್ ಓಡಿಸಬೇಕು ಅನ್ನೋರು ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಅಥವಾ ಕೊಯಮತ್ತೂರಿನ ಕರಿ ಸ್ಪೀಡ್‌ವೇಗೆ ಹೋಗಬೇಕು. ಹೋಗುವವರು ಅಲ್ಲಿಗೇ ಅಂತ ಇನ್ನೊಂದು ಸೆಟ್ ಗಾಲಿ ಇಟ್ಟುಕೊಳ್ಳೋದು ಸರಿಯಾದ ದಾರಿ. ಅಷ್ಟು ದೂರ, ಅಷ್ಟು ಖರ್ಚು ಆಗದ ಹುಡುಗರಿಗೆ ಬೈಪಾಸೇ ಟ್ರ್ಯಾಕ್ ಆಗಿಬಿಡುತ್ತೆ ಅನ್ನೋದು ನಾವು ಮಾತಾಡದ ಸತ್ಯ.

ಬೈಕ್‌ನವರಿಗೆ ಎರಡು ಮಾತು

ನಮ್ಮಲ್ಲಿ ಕಾರಿಗಿಂತ ಬೈಕೇ ಹೆಚ್ಚು. ಸಣ್ಣ ರಿಮ್‌ಗೆ ದಪ್ಪ ಟೈರ್ ತುರುಕಿದರೆ ಅದರ ಅಂಚು ಒಳಗೆ ಮಡಚಿ ಮಧ್ಯಭಾಗ ಉಬ್ಬುತ್ತೆ. ನೋಡೋಕೆ ದಪ್ಪ, ನೆಲಕ್ಕೆ ತಾಗೋದು ಕಡಿಮೆ. ಬೈಕ್ ವಾಲಿಸಿದಾಗ ನಡೆ ವಿಚಿತ್ರವಾಗುತ್ತೆ. ಹಿಂದಿನ ಟೈರ್ ಎರಡು ಸಲ ಬದಲಿಸಿ ಮುಂದಿನದನ್ನು ಹಾಗೇ ಬಿಡುವವರು ಬಹಳ ಜನ ಇದ್ದಾರೆ. ಜೋರಾಗಿ ಬ್ರೇಕ್ ಹಿಡಿದಾಗ ಭಾರ ಎಲ್ಲ ಬರೋದು ಮುಂದಿನ ಟೈರಿಗೆ. ದುಡ್ಡು ಕಮ್ಮಿ ಇದ್ದರೆ ಅಗಲ ಬಿಡಿ, ಕಂಪನಿ ಸೈಜಿನಲ್ಲೇ ಎರಡಕ್ಕೂ ಒಳ್ಳೆ ರಬ್ಬರ್ ಹಾಕಿಸಿ.

ಕಾನೂನು ದಂಡ ಹಾಕುತ್ತೆ, ಮಾಹಿತಿ ಕೊಡಲ್ಲ

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ನೋಂದಣಿ ವಿವರಕ್ಕೆ ಹೊಂದದಂತೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿ ಮಾಡಿತು. ಅದೇ ವರ್ಷದ ತಿದ್ದುಪಡಿ, ಪ್ರತಿ ಅಕ್ರಮ ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲಾ ಎರಡೂ ಅಂತ ಹೇಳುತ್ತೆ. ಆದ್ದರಿಂದ ನಿಮ್ಮ ಗಾಡಿಯ ಮೇಲಿನ ಮಾದರಿಗೆ ಕಂಪನಿಯೇ ಕೊಡುವ ಸೈಜಿನ ಒಳಗೆ ಇರೋದು ಕ್ಷೇಮ. ಅಪಘಾತ ಆದಾಗ ವಿಮೆಯವರಿಗೆ ತಗಾದೆ ತೆಗೆಯಲು ಎಡೆ ಸಿಗಲ್ಲ. ಕಾರಿನ ಟೈರಿನ ಗೆರೆಯ ಆಳ 1.6 ಮಿ.ಮೀ., ಬೈಕ್‌ನದು 0.8 ಮಿ.ಮೀ.ಗಿಂತ ಕಡಿಮೆ ಇರಬಾರದು ಅನ್ನೋದೂ ನಿಯಮವೇ. ಹೊಳೆಯುವ ಅಲಾಯ್ ಕಂಡ ಕೂಡಲೇ ಗಾಡಿ ನಿಲ್ಲಿಸುವ ವ್ಯವಸ್ಥೆ ಬೋಳು ಟೈರಿನ ಗಾಡಿಯನ್ನು ಎಷ್ಟು ಸಲ ನಿಲ್ಲಿಸಿದೆ?

ಒದ್ದೆ ಹಿಡಿತ, ಉರುಳುವ ತಡೆ, ಸದ್ದು – ಈ ಮೂರಕ್ಕೂ ಟೈರುಗಳು ಕನಿಷ್ಠ ಮಟ್ಟ ಮುಟ್ಟಲೇಬೇಕು ಅಂತ ಕೇಂದ್ರ ಸರ್ಕಾರ 2022ರ ಜೂನ್‌ನಲ್ಲಿ ಅಧಿಸೂಚನೆ ಹೊರಡಿಸಿತು. ಒಳ್ಳೆಯದೇ. ಆದರೆ ಪಾಸಾದವರಲ್ಲಿ 35 ತೆಗೆದವರು ಯಾರು, 95 ತೆಗೆದವರು ಯಾರು? ಅಂಗಡಿಯಲ್ಲಿ ನಿಂತ ನಿಮಗದು ಕಾಣಲ್ಲ. ಯುರೋಪ್‌ನಲ್ಲಿ 2012ರಿಂದ ಕಾರಿನ ಹೊಸ ಟೈರಿಗೆ ಒದ್ದೆ ಹಿಡಿತದ ದರ್ಜೆಯ ಚೀಟಿ ಕಡ್ಡಾಯ. 80 ಕಿ.ಮೀ. ವೇಗದಲ್ಲಿ ಬ್ರೇಕ್ ಹಾಕಿದರೆ ಮೇಲಿನ ಮತ್ತು ಕೆಳಗಿನ ದರ್ಜೆಯ ನಡುವೆ 18 ಮೀಟರ್‌ವರೆಗೂ ವ್ಯತ್ಯಾಸ ಬರಬಹುದು ಅಂತ ಅಲ್ಲಿನವರ ಲೆಕ್ಕ. 18 ಮೀಟರ್ ಅಂದರೆ ಹೆಚ್ಚುಕಡಿಮೆ ಒಂದು ಉದ್ದನೆಯ ಟ್ರೇಲರ್ ಲಾರಿಯಷ್ಟು.

ಬೆಲೆಯ ವಿಷಯದಲ್ಲೂ ರಾಜಕೀಯ ಇದೆ. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಟೈರ್ ಆಮದಿಗೆ ನಿರ್ಬಂಧ ಹಾಕಿ, ಪರವಾನಗಿ ಬೇಕು ಅಂದಿತು. ದೇಶಿ ಕಂಪನಿಗಳಿಗೆ ಅನುಕೂಲ, ಕೊಳ್ಳುವವರಿಗೆ ಆಯ್ಕೆ ಕಡಿಮೆ. 2025ರ ಸೆಪ್ಟೆಂಬರ್ 22ರಿಂದ ಟೈರ್ ಮೇಲಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ. ಬದುಕು ಉಳಿಸುವ ವಸ್ತುವಿಗೆ ಅಷ್ಟು ವರ್ಷ ಐಷಾರಾಮದ ತೆರಿಗೆ ಹಾಕಿದ್ದು ಯಾಕೆ ಅಂತ ಕೇಳುವ ಹಕ್ಕು ನಮಗಿದೆ.

ಹಾಗಾದರೆ ಏನು ಮಾಡೋಣ?

ರಿಮ್ ಬದಲಿಸಲೇಬೇಕು ಅನ್ನಿಸಿದರೆ ಒಂದು ಇಂಚಿಗೆ ನಿಲ್ಲಿಸಿ. 14 ಇದ್ದರೆ 15. ಬೋಲ್ಟ್ ಅಳತೆ, ಮಧ್ಯದ ತೂತು, ಆಫ್‌ಸೆಟ್ ಮೂರೂ ಗಾಡಿಗೆ ಕೂಡಬೇಕು. ‘ಸ್ಪೇಸರ್ ಹಾಕಿ ಕೂರಿಸ್ತೀನಿ’ ಅಂದರೆ ಆ ಅಂಗಡಿಯಿಂದ ಹೊರಗೆ ಬನ್ನಿ. ಎರಡೇ ಟೈರಿಗೆ ದುಡ್ಡಿದ್ದರೆ ಕಾರಿನ ಹಿಂದಿನ ಗಾಲಿಗೆ ಹೊಸದು ಹಾಕಿಸಿ, ಮಳೆಯಲ್ಲಿ ಹಿಂಭಾಗ ಜಾರಿದರೆ ಹಿಡಿಯೋದು ಕಷ್ಟ. ಹವಾ ಎಷ್ಟು ಅನ್ನೋದು ಡ್ರೈವರ್ ಬಾಗಿಲ ಹತ್ತಿರದ ಚೀಟಿಯಲ್ಲಿದೆ. ಟೈರ್ ತಣ್ಣಗಿದ್ದಾಗ ನೋಡಿಸಿ. ಏಪ್ರಿಲ್ ಬಿಸಿಲಿಗೆ ಟೈರ್ ಸಿಡಿಯುತ್ತೆ ಅಂತ ಹವಾ ಕಡಿಮೆ ಇಡ್ತಾರೆ, ಅದು ಉಲ್ಟಾ. ಹವಾ ಕಡಿಮೆ ಇದ್ದರೆ ಗೋಡೆ ಹೆಚ್ಚು ಮಡಚಿ, ಇನ್ನೂ ಕಾದು, ಆಗಲೇ ಸಿಡಿಯೋದು. ನೈಟ್ರೋಜನ್‌ಗೆ ದುಡ್ಡು ಕೊಡೋದು ನಿಮ್ಮಿಷ್ಟ, ಸಾಮಾನ್ಯ ಗಾಳಿಯಲ್ಲೇ ಶೇ. 78ರಷ್ಟು ಅದೇ ಇದೆ.

ಮುಂದಿನ ಸಲ ಟೈರ್ ಕೊಳ್ಳಲು ಹೋದಾಗ ‘ಇದರ ಒದ್ದೆ ಹಿಡಿತದ ದರ್ಜೆ ಎಷ್ಟು’ ಅಂತ ಒಂದು ಪ್ರಶ್ನೆ ಕೇಳಿ. ಅಂಗಡಿಯವರಿಗೆ ಗೊತ್ತಿರಲಿಕ್ಕಿಲ್ಲ, ಅದು ಅವರ ತಪ್ಪಲ್ಲ. ಫ್ರಿಜ್‌ಗೆ ಸ್ಟಾರ್ ಚೀಟಿ ಅಂಟಿಸಬಲ್ಲ ಸರ್ಕಾರ, ಒದ್ದೆ ರಸ್ತೆಯಲ್ಲಿ ನಮ್ಮನ್ನು ನಿಲ್ಲಿಸುವ ರಬ್ಬರಿಗೂ ಅಂಥ ಒಂದು ಚೀಟಿ ಕಡ್ಡಾಯ ಮಾಡಲಿ. ಮತ ಕೇಳೋಕೆ ಬಂದವರ ಮುಂದೆ ಇಡಬಹುದಾದ ಬೇಡಿಕೆ ಇದು, ಸರ್ಕಾರಕ್ಕೆ ಹೆಚ್ಚು ಖರ್ಚೂ ಇಲ್ಲ.