ಉಂಗುರ ಮುಚ್ಚಿದೆಯೇ, ಬಿಚ್ಚಿದೆಯೇ?

ಪಶ್ಚಿಮಘಟ್ಟದಲ್ಲಿ ಬೆಳೆಯುವ ದುರ್ವಾಸನೆ ಮರದಲ್ಲಿ ಕ್ಯಾಂಪ್ಟೊಥೆಸಿನ್ ಎಂಬ ಕ್ಯಾನ್ಸರ್ ನಿರೋಧಕ ವಸ್ತುವಿದೆ. 1966ರಲ್ಲಿ ಚೀನಾ ಮೂಲದ ಬೇರೊಂದು ಮರದಿಂದ ಇದನ್ನು ಮೊದಲು ಬೇರ್ಪಡಿಸಿದವರು ಅಮೆರಿಕದ ಮನ್ರೋ ವಾಲ್ ಮತ್ತು ಭಾರತದಲ್ಲಿ ಹುಟ್ಟಿದ ಮನ್ಸುಖ್ ವಾನಿ.

ಈ ಅಣುವಿನ ಜೀವವೆಲ್ಲ ಲ್ಯಾಕ್ಟೋನ್ ಎಂಬ ಒಂದು ಉಂಗುರದಲ್ಲಿದೆ. ಆಮ್ಲದಲ್ಲಿ ಉಂಗುರ ಭದ್ರ. ರಕ್ತದಂಥ ತುಸು ಕ್ಷಾರೀಯ ದ್ರವದಲ್ಲಿ ಅದು ನೀರು ಹಿಡಿದು ಬಿಚ್ಚಿಕೊಳ್ಳುತ್ತದೆ. ಉಳಿಯುವುದು ನಿಸ್ಸತ್ವವಾದ ಕಾರ್ಬಾಕ್ಸಿಲೇಟ್. 1970ರ ಆಸುಪಾಸಿನಲ್ಲಿ, ನೀರಿನಲ್ಲಿ ಕರಗುತ್ತದೆಂಬ ಕಾರಣಕ್ಕೆ ಈ ಬಿಚ್ಚಿದ ರೂಪದ ಸೋಡಿಯಂ ಲವಣವನ್ನೇ ರೋಗಿಗಳಿಗೆ ಕೊಟ್ಟು ನೋಡಿದರು. ಗುಣ ಕಂಡಿದ್ದು ಕಡಿಮೆ, ಮೂತ್ರಕೋಶದ ರಕ್ತಸ್ರಾವದಂಥ ಬಾಧೆ ಹೆಚ್ಚು. ಪ್ರಯೋಗವನ್ನು ಕೈಬಿಡಬೇಕಾಯಿತು.

ಹಾಗಾಗಿ ರೋಗಿಯ ರಕ್ತದಲ್ಲಿ ಔಷಧಿ ಎಷ್ಟಿದೆ ಎಂದು ಅಳೆದರೆ ಸಾಲದು, ಯಾವ ರೂಪದಲ್ಲಿ ಎಷ್ಟಿದೆ ಎಂದು ತಿಳಿಯಬೇಕು. ಆ ಕೆಲಸ ದ್ರಾವಣದಲ್ಲಿರುವ ವಸ್ತುಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಯಂತ್ರದ್ದು. ಗೇಣುದ್ದದ ಉಕ್ಕಿನ ಕೊಳವೆಯೇ ಅದರ ಕಾಲಂ. ಒಳವ್ಯಾಸ ಸಾಮಾನ್ಯವಾಗಿ 4.6 ಮಿಲಿಮೀಟರ್. ಒಳಗೆ ಸುಮಾರು 5 ಮೈಕ್ರಾನ್ ಗಾತ್ರದ, ಮೇಲೆ ಜಿಡ್ಡಿನ ಗುಣದ ಲೇಪವಿರುವ ಸಿಲಿಕಾ ಕಣಗಳು. ಅಷ್ಟು ಒತ್ತೊತ್ತಾದ ಪುಡಿಯ ನಡುವೆ ದ್ರಾವಣವನ್ನು ನುಗ್ಗಿಸಲು ಪಂಪು ಕಾರಿನ ಟೈರಿನಲ್ಲಿರುವುದಕ್ಕಿಂತ ಹತ್ತಾರು ಪಟ್ಟು ಹೆಚ್ಚು ಒತ್ತಡ ಹಾಕಬೇಕು. ನೀರಿಗೆ ಒಲಿಯುವ ಕಾರ್ಬಾಕ್ಸಿಲೇಟ್ ಬೇಗ ಹೊರಬರುತ್ತದೆ. ಲ್ಯಾಕ್ಟೋನ್ ಕಣಗಳಿಗೆ ಅಂಟಿ ಅಂಟಿ ತಡವಾಗಿ ಬರುತ್ತದೆ. ಅತಿನೇರಳೆ ಬೆಳಕು ಬಿದ್ದಾಗ ಎರಡೂ ನೀಲಿಯಾಗಿ ಹೊಳೆಯುವುದರಿಂದ ಡಿಟೆಕ್ಟರ್ ಅತ್ಯಲ್ಪ ಪ್ರಮಾಣವನ್ನೂ ಹಿಡಿಯುತ್ತದೆ. ಪರದೆಯ ಮೇಲೆ ಎರಡು ಪೀಕ್ ಏಳುತ್ತವೆ. ಅವುಗಳ ವಿಸ್ತೀರ್ಣವೇ ಲೆಕ್ಕ.

ಇಷ್ಟನ್ನು ಯಂತ್ರ ಮಾಡುತ್ತದೆ. ನಿಜವಾದ ಕಸುಬುಗಾರಿಕೆ ಇರುವುದು ಅದಕ್ಕೂ ಮೊದಲು. ತೆಗೆದ ರಕ್ತ ಕೊಠಡಿಯ ಬಿಸಿಯಲ್ಲಿ ಕುಳಿತಷ್ಟು ಹೊತ್ತೂ ಉಂಗುರಗಳು ಬಿಚ್ಚುತ್ತಲೇ ಇರುತ್ತವೆ, ರೋಗಿಯ ದೇಹದೊಳಗಿದ್ದ ಅನುಪಾತ ಮರೆಯಾಗುತ್ತದೆ. ಅದಕ್ಕೇ ರಕ್ತವನ್ನು ತಣ್ಣಗಿಟ್ಟು, ಪ್ಲಾಸ್ಮಾ ಬೇರ್ಪಡಿಸಿ, ತಡಮಾಡದೆ ಕೊರೆಯುವ ಮೆಥನಾಲ್‌ಗೆ ಹಾಕುತ್ತಾರೆ. ಪ್ರೋಟೀನ್ ತಳಕ್ಕಿಳಿಯುತ್ತದೆ, ರಾಸಾಯನಿಕ ಬದಲಾವಣೆ ನಿಧಾನಿಸುತ್ತದೆ. ಈ ಧಾವಂತದ ಶಿಸ್ತಿಲ್ಲದೆ ಎಂಥ ದುಬಾರಿ ಯಂತ್ರ ಕೊಟ್ಟ ಅಂಕಿಯನ್ನೂ ನಾನು ನಂಬಲಾರೆ. ಒಟ್ಟು ಪ್ರಮಾಣ ಬೇಕಿದ್ದರೆ ಸ್ಯಾಂಪಲ್‌ನ ಇನ್ನೊಂದು ಪಾಲಿಗೆ ಆಮ್ಲ ಸೇರಿಸುತ್ತಾರೆ. ಬಿಚ್ಚಿದ ಉಂಗುರಗಳೆಲ್ಲ ಮತ್ತೆ ಮುಚ್ಚಿಕೊಂಡು ಒಂದೇ ಪೀಕ್ ಆಗಿ ಬರುತ್ತವೆ!

ಕ್ಯಾಂಪ್ಟೊಥೆಸಿನ್‌ನ ರಚನೆಯನ್ನು ತಿದ್ದಿ ತಯಾರಿಸಿದ ಟೋಪೊಟಿಕಾನ್‌ಗೆ 1996ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಇಂಜೆಕ್ಷನ್‌ಗೆ ಬಳಸುವ ಅದರ ಪುಡಿಯಲ್ಲಿ ಹುಣಸೆಹಣ್ಣಿನಲ್ಲೂ ಇರುವ ಟಾರ್ಟಾರಿಕ್ ಆಮ್ಲವನ್ನು ಬೆರೆಸಿರುತ್ತಾರೆ, ಉಂಗುರ ಮುಚ್ಚಿಯೇ ಇರಲೆಂದು.